ಅಟ್ಟಕ್ಕೆ ಕಟ್ಟಿದ ಬಿಳಿ ಬಟ್ಟೆ

ನನ್ನ ಕೆಲಸ ಒಣಗಿಸುವುದು. ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನ ಕಣದಲ್ಲಿ ಕಾಫಿ ಹರವಿ, ತಿರುವಿ, ಸಂಜೆ ರಾಶಿ ಮಾಡಿ ಮುಚ್ಚಿ ನನ್ನ ಅಂಗಾಲು ಚಕ್ಕೆಯಂತಾಗಿದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಾಫಿ ಬೀಜವನ್ನು ಹಲ್ಲಿಗಿಟ್ಟು ಕಚ್ಚಿದರೆ ಅದಕ್ಕೆ ಇನ್ನೆಷ್ಟು ಬಿಸಿಲು ಬೇಕು ಎಂದು ಹೇಳಬಲ್ಲೆ. ತೇವ ನೋಡುವ ಮೆಷಿನ್ ಬರುವ ಮೊದಲು ಲೆಕ್ಕ ಬರೆಯುವ ನಮ್ಮ ರೈಟರು ನನ್ನ ಹಲ್ಲನ್ನೇ ಕೇಳುತ್ತಿದ್ದರು. ಇಂಥ ನಾನು ಒಂದು ಹೊರೆ ಸೊಪ್ಪು ಒಣಗಿಸುವುದರಲ್ಲಿ ತಪ್ಪಿದೆ. ಮೊಮ್ಮಗಳ ಕಾಲೇಜಿನ ಮೇಡಂ, ‘ನಡೆದದ್ದನ್ನ ನಡೆದ ಹಾಗೇ ಬರೆದುಕೊಡಿ, ಮುಂದಿನ ಮಕ್ಕಳಿಗೆ ಬೇಕು’ ಎಂದಿದ್ದಾರೆ. ಖುಷಿಗೆ ಕೈ ನಿಲ್ಲುತ್ತಿಲ್ಲ, ಸಾಲು ಓರೆಯಾಗುತ್ತಿದೆ. ಆಗಲಿ.

ಮೊಮ್ಮಗಳು ನನ್ನ ಮಗಳ ಮಗಳು. ಹಾಸನದಲ್ಲಿ ಗಿಡಮೂಲಿಕೆಯ ವಿಷಯದಲ್ಲಿ ಎಂಎಸ್ಸಿ ಓದುತ್ತಿದ್ದಳು. ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಿ ಪುಸ್ತಕ ಬರೆದು ಒಪ್ಪಿಸಬೇಕು. ಅವಳು ಆರಿಸಿಕೊಂಡದ್ದು ಮದ್ದುಸೊಪ್ಪನ್ನು. ನನ್ನ ತವರು ಕೊಡಗಿನ ಗಡಿಯ ಕಡೆ. ಅಲ್ಲಿ ಮಳೆ ಸುರಿಯುವ ಆಟಿ ತಿಂಗಳ ಹದಿನೆಂಟನೇ ದಿನ ಈ ಸೊಪ್ಪು ಕೊಯ್ದು, ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿಗೆ ಹದಿನೆಂಟು ಮದ್ದು ಬಂದು ಸೇರುತ್ತದೆ ಅನ್ನುವುದು ನಂಬಿಕೆ. ಮದುವೆಯಾಗಿ ಈ ಕಡೆ ಬಂದಮೇಲೂ ನಾನು ಒಂದು ವರ್ಷವೂ ತಪ್ಪಿಸಿಲ್ಲ. ಮೊಮ್ಮಗಳು ಸಣ್ಣವಳಿದ್ದಾಗ ಪಾಯಸ ತಿಂದು, ಮಾರನೆ ದಿನ ಉಚ್ಚೆ ಕೆಂಪಗೆ ಹೋಯಿತು ಎಂದು ಅತ್ತುಕೊಂಡು ಬಂದಿದ್ದಳು. ಅದೇ ಹುಡುಗಿ ಈಗ ಕೇಳಿದಳು:

“ಅಜ್ಜಿ, ಹದಿನೆಂಟನೇ ದಿನ ಮದ್ದು ಬರ್ತದೆ ಅಂತೀಯಲ್ಲ, ಅದನ್ನ ಅಳ್ದು ನೋಡಾಣ. ಮುಂಚೆ ಒಂದ್ಸಲ, ಅವತ್ತು ಒಂದ್ಸಲ, ಆಮೇಲೆ ಒಂದ್ಸಲ. ಕೊಯ್ದು ಒಣಗ್ಸೋದು ನಿನ್ ಕೆಲ್ಸ.”

“ಮದ್ದು ಅಳೆಯಕ್ಕೆ ಅದೇನು ಭತ್ತವೇನೆ?”

“ಬಾಳೆಕಾಯಿ ಹೆಚ್ಚಿಟ್ರೆ ಕಪ್ಪಾಯ್ತದಲ್ಲ, ಮಜ್ಜಿಗೆ ನೀರಿಗೆ ಹಾಕಿದ್ರೆ ಆಗಲ್ಲ. ಹಂಗೆ ನಮ್ ಮೈ ಒಳಗೂ ಕೆಡೋದನ್ನ ತಡೆಯೋ ಗುಣ ಸೊಪ್ಪಲ್ಲಿರ್ತದೆ. ಅದನ್ನ ಅಳೀಬೋದು.”

ನನಗೆ ಅಷ್ಟು ಸಾಕಾಗಿತ್ತು.

ಅವಳ ಕಟ್ಟಳೆ ಗಟ್ಟಿಯಾಗಿತ್ತು. ಮೂರು ಸಲವೂ ತೋಡಿನ ದಂಡೆಯ ಅದೇ ಪೊದೆಯಿಂದ, ಬೆಳಿಗ್ಗೆ ಅದೇ ಹೊತ್ತಿಗೆ, ತುದಿಯಿಂದ ನಾಲ್ಕನೇ ಗೆಣ್ಣಿನವರೆಗಿನ ಎಲೆ. ತೊಳೆದು, ನೀರು ಬಸಿದು, ನಡುಮನೆಯಲ್ಲಿ ಕಾಗದದ ಮೇಲೆ ಹರವಿ, ಫ್ಯಾನ್ ಗಾಳಿಯಲ್ಲಿ ನೆರಳಿಗೇ ಒಣಗಬೇಕು. ಬಿಸಿಲಿಗೆ ಹಾಕಬೇಡ, ಬೆಂಕಿಗೆ ತೋರಿಸಬೇಡ ಎಂದಳು. ಪ್ರತಿ ಸಲವೂ ಅವಳೇ ಬಂದು ಎರಡೆರಡು ಕೊಂಬೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು, ಎರಡು ಹಲಗೆಗಳಲ್ಲಿ ಒತ್ತಿ, ಬೆಲ್ಟಿನಿಂದ ಬಿಗಿದು ಅವತ್ತೇ ಹಾಸನಕ್ಕೆ ಒಯ್ಯುತ್ತಿದ್ದಳು. ಒಂದು ಕೊಂಬೆ ಗಿಡ ಇಂಥದ್ದೇ ಎಂದು ಗುರುತಿಗೆ. ಇನ್ನೊಂದು ಮೊದಲನೆಯದಕ್ಕೆ ಏನಾದರೂ ಆದರೆ ಇರಲಿ ಎಂದು.

“ನಂಗೆ ಒಣಗ್ಸೋದು ಹೇಳ್ಕೊಡಕ್ಕೆ ಬಂದವ್ಳೆ ನೋಡಿ” ಎಂದು ನಾನು ನಮ್ಮ ಮನೆಯ ಯಜಮಾನರ ಹತ್ತಿರ ಹೇಳಿ ನಕ್ಕಿದ್ದೆ.

ಮೊದಲನೇ ಸಲ, ಆಟಿ ಹುಟ್ಟುವ ಮುಂಚಿನ ವಾರ, ಸುಖವಾಗಿ ಆಯಿತು. ಎರಡನೆಯದು ಹದಿನೆಂಟನೇ ದಿನ. ಅವತ್ತು ಪೊದೆಯ ಹತ್ತಿರ ಹೋದರೇ ಪರಿಮಳ. ಕೊಯ್ದು ತಂದು ಹರವಿದೆ. ಮಾರನೆ ದಿನ ಮಧ್ಯಾಹ್ನ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಮೂರನೇ ದಿನ ಬೆಳಿಗ್ಗೆ ಎಲೆ ಮುಟ್ಟಿದರೆ ಬೆರಳಿಗೆ ಅಂಟಿತು. ಬಗ್ಗಿ ನೋಡಿದೆ. ಒಂದೆರಡು ತೊಟ್ಟಿನ ಬುಡದಲ್ಲಿ ಬೆಳ್ಳಗೆ ಹತ್ತಿಯಂಥ ಬೂಷ್ಟು.

ಕಣದಲ್ಲಿ ಒಂದು ಮೂಲೆಗೆ ಬೂಷ್ಟು ಬಂದರೆ ಸಂಜೆಯೊಳಗೆ ರಾಶಿಗೇ ಬರುತ್ತದೆ. ಈ ಸೊಪ್ಪು ಹೋದರೆ ಹದಿನೆಂಟನೇ ದಿನ ಮತ್ತೆ ಬರುವುದು ಮುಂದಿನ ವರ್ಷಕ್ಕೆ, ಅವಳ ಪುಸ್ತಕ ಒಪ್ಪಿಸುವುದು ಈ ವರ್ಷ. ಮೊಮ್ಮಗಳಿಗೆ ಫೋನ್ ಮಾಡೋಣವೆಂದರೆ ಟವರೂ ಇಲ್ಲ. ಬೂಷ್ಟು ಹಿಡಿದ ಎಲೆ ಆಯ್ದು ಎಸೆದೆ. ಉಳಿದದ್ದನ್ನು ತೆಳುವಾಗಿ ತಟ್ಟೆಬುಟ್ಟಿಗೆ ಹರವಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಏಲಕ್ಕಿ, ಬಿತ್ತನೆ ಬೀಜ, ಒಣಗಿಸಿದ ಬೇರು ಎಲ್ಲವೂ ಮಳೆಗಾಲದಲ್ಲಿ ಉಳಿಯುವುದು ಅಲ್ಲೇ. ಬಿಸಿಲಿಲ್ಲ, ಬೆಂಕಿ ಕಾಣುವುದಿಲ್ಲ, ಬೆಚ್ಚಗೆ ಗಾಳಿಯಾಡುತ್ತದೆ. ಮೊಮ್ಮಗಳ ಕಟ್ಟಳೆಯಲ್ಲಿ ಯಾವುದನ್ನೂ ನಾನು ಮುರಿದಿಲ್ಲ ಅಂದುಕೊಂಡೆ. ನಾಲ್ಕು ದಿನಕ್ಕೆ ಎಲೆ ಮುರಿದರೆ ಚಟ್ ಎನ್ನುವ ಹಾಗೆ ಒಣಗಿತು. ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ ಕಳಿಸಿದೆ. ಅಟ್ಟದ ವಿಷಯ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಅಂತ ತೋರಲೇ ಇಲ್ಲ.

ಮೂರನೇ ಸಲ, ಹತ್ತು ದಿನದ ಮೇಲೆ ಕೊಯ್ದದ್ದು, ಫ್ಯಾನ್ ಕೆಳಗೇ ಒಣಗಿತು.

ಕೆಲವು ವಾರ ಕಳೆದು ಮೊಮ್ಮಗಳ ಫೋನ್ ಬಂತು. ದನಿಯೇ ಕುಣಿಯುತ್ತಿತ್ತು.

“ಅಜ್ಜಿ, ನಿನ್ ಹದಿನೆಂಟನೇ ದಿನದ ಸೊಪ್ಪು ಗೆದ್ಬುಡ್ತು ಕಣಜ್ಜಿ. ಬೇರೆ ಎಲ್ಡೂ ಅದ್ರ ಹತ್ರಕ್ಕೂ ಬರಲ್ಲ. ಮೇಡಂ ನಿನ್ನ ನೋಡ್ಬೇಕಂತೆ. ನಾಳೆನೇ ಬಾ.”

ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಒಂದು. ಬಾಳ್ಳುಪೇಟೆ ದಾಟುವಾಗ ಪಕ್ಕದ ಸೀಟಿನ ಹೆಂಗಸಿಗೆ ಕೇಳದಿದ್ದರೂ ಹೇಳಿದೆ, ನಮ್ಮ ಹುಡುಗಿಯ ಮದ್ದು ಗೆದ್ದಿದೆ ಎಂದು. ಆಕೆ, “ಯಾವ ಕಾಯಿಲೆಗಮ್ಮ?” ಎಂದರು.

ಲ್ಯಾಬು ಅಂದರೆ ಉದ್ದನೆಯ ಕಲ್ಲುಮೇಜುಗಳ ಕೋಣೆ. ಸ್ಪಿರಿಟ್ಟಿನಂಥ ವಾಸನೆ. ಮೇಡಂ ಐವತ್ತರ ಆಸುಪಾಸಿನವರು, ಮೆಲುಮಾತು. ನನ್ನ ಮುಂದೆಯೇ ಇನ್ನೊಮ್ಮೆ ಮಾಡಿ ತೋರಿಸು ಎಂದರು ಮೊಮ್ಮಗಳಿಗೆ. ಅವಳು ಮಾಡುತ್ತಾ ನನಗೆ ಹೇಳುತ್ತಾ ಹೋದಳು. ಪುಡಿಯನ್ನು ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ನೆನೆಸಿ, ಕುಲುಕಿ, ಸೋಸುಕಾಗದದಲ್ಲಿ ಸೋಸಿದ್ದ ರಸ ಸಿದ್ಧವಾಗಿತ್ತು. ಇನ್ನೊಂದು ಬಾಟಲಿಯಲ್ಲಿ ಕಡುನೇರಳೆ ಬಣ್ಣದ ನೀರು. ಅದಕ್ಕೆ ಡಿಪಿಪಿಎಚ್ ಅನ್ನುತ್ತಾರೆ.

“ಈ ನೇರಳೆ ನೀರಿಗೆ ಸೊಪ್ಪಿನ ರಸ ಬಿಟ್ಟು ಅರ್ಧ ಗಂಟೆ ಕತ್ಲಲ್ಲಿಡ್ಬೇಕು. ಸೊಪ್ಪಲ್ಲಿ ಗುಣ ಹೆಚ್ಚಿದ್ರೆ ನೇರಳೆ ಹೋಗಿ ಹಳದಿ ಆಯ್ತದೆ. ಕಣ್ಣಂದಾಜು ಸಾಲದು, ಮೆಷಿನ್ನು ಬೆಳಕು ಹಾಯ್ಸಿ ಎಷ್ಟು ನೇರಳೆ ಉಳೀತು ಅಂತ ಅಂಕಿ ಕೊಡ್ತದೆ. ಪಕ್ಕದಲ್ಲಿ ವಿಟಮಿನ್ ಸಿ ಇಟ್ಟು ಹೋಲಿಸ್ತೀವಿ.”

ಸ್ಟ್ಯಾಂಡಿನಲ್ಲಿ ಇನ್ನೊಂದು ಟ್ಯೂಬು ಇತ್ತು. ಅದಕ್ಕೆ ಸೊಪ್ಪಿನ ರಸ ಹಾಕಲೇ ಇಲ್ಲ. ಮತ್ತೊಂದರಲ್ಲಿ ಸೊಪ್ಪಿನ ರಸ ಮಾತ್ರ, ನೇರಳೆ ನೀರಿಲ್ಲ.

“ಇವ್ಯಾಕೆ ಬರೀ ಬಿಟ್ಟೀಯ?”

“ಏನೂ ಹಾಕ್ದಿದ್ರೂ ನೇರಳೆ ತಾನಾಗೇ ಮಾಸ್ತದಾ ಅಂತ ನೋಡಕ್ಕೆ ಇದು. ಸೊಪ್ಪಿಗೆ ತನ್ದೇ ಬಣ್ಣ ಐತಲ್ಲ, ಅದನ್ನ ಕಳೆಯಕ್ಕೆ ಅದು. ಮೊದ್ಲು ಅದನ್ನ ಮರ್ತು ಒಂದು ವಾರ ತಪ್ಪು ಅಂಕಿ ಬರ್ತಿತ್ತು ನಂಗೆ.”

“ಖಾಲಿ ಚೀಲದ ತೂಕ ಕಳೆದಂಗೆ” ಎಂದೆ. ಹಣ್ಣು ತೂಗುವಾಗ ಮೊದಲು ಖಾಲಿ ಚೀಲ ತೂಗಿ ಅಷ್ಟನ್ನು ಕಳೆಯುತ್ತೇವೆ. ಇಲ್ಲದಿದ್ದರೆ ಚೀಲವೂ ಕಾಫಿ ಆಗಿಬಿಡುತ್ತದೆ.

ಮೇಡಂ ನನ್ನ ಕಡೆ ತಿರುಗಿ ನೋಡಿದರು. “ನಾನು ಕ್ಲಾಸಲ್ಲಿ ಒಂದು ಗಂಟೆ ಹೇಳಿದ್ದು ಇದನ್ನೇ ಅಮ್ಮ” ಎಂದರು. ಲ್ಯಾಬಿನ ಅಟೆಂಡರು ಸಕಲೇಶಪುರದ ಕಡೆಯವರು, ಮಾತಿನ ಮಲ್ಲ. “ಅಕ್ಕಾ, ನಾಳೆಯಿಂದ ನೀವೇ ಬನ್ನಿ, ಮೇಡಂ ಗಂಟಲಿಗೆ ಸ್ವಲ್ಪ ರೆಸ್ಟ್ ಸಿಗ್ಲಿ” ಎಂದರು.

ಅರ್ಧ ಗಂಟೆ ಆಯಿತು. ಕಪ್ಪು ಬಟ್ಟೆ ತೆಗೆದರು. ಮೊದಲ ಸಲದ್ದು ಮಾಸಲು ನೇರಳೆ. ಮೂರನೆಯದು ಅದಕ್ಕಿಂತ ತಿಳಿ. ಹದಿನೆಂಟನೇ ದಿನದ್ದು ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಹಳದಿ. ಮೊಮ್ಮಗಳು ನನ್ನ ಭುಜಕ್ಕೆ ಹಣೆ ಒತ್ತಿದಳು. ಮುಂದಿನ ತಿಂಗಳು ದೊಡ್ಡವರೆಲ್ಲ ಸೇರುವ ಸೆಮಿನಾರಿನಲ್ಲಿ ಇದನ್ನು ಇವಳೇ ಓದುತ್ತಾಳೆ, ಆಮೇಲೆ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತೇನೆ ಎಂದರು ಮೇಡಂ. ಉಬ್ಬಿ ಹೋದೆ. ಕಣ್ಣು ಒರೆಸಿಕೊಂಡೆ.

“ಎಂಥಾ ಸೊಪ್ಪು ಒಣಗಿಸಿದ್ದೀರಿ ನೋಡಿ” ಎಂದು ಮೇಡಂ ಪುಡಿಯ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟರು. ಮೂಗಿಗೆ ಹಿಡಿದೆ.

ಪರಿಮಳದ ಹಿಂದೆ ಇನ್ನೊಂದು ವಾಸನೆ ಇತ್ತು. ತೆಳ್ಳಗೆ. ನಮ್ಮ ಮನೆಯ ಅಟ್ಟದ್ದು.

ನಮ್ಮ ಕಣದಲ್ಲಿ ಒಂದು ಸಲ ಪಕ್ಕದ ತೋಟದವರು ಹಸಿ ಸೌದೆ ಸುಟ್ಟು ಹೊಗೆ ಎರಡು ದಿನ ಕಾಫಿಯ ಮೇಲೆ ಕೂತಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ರುಚಿ ನೋಡುವವರು ಒಂದು ಗುಟುಕಿಗೇ ಹೊಗೆ ಎಂದು ಇಡೀ ರಾಶಿಯನ್ನು ಬದಿಗೆ ಸರಿಸಿದ್ದರು. ಹೊಗೆ ಒಳಗೆ ಇಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಮೂರರಲ್ಲಿ ಹೊಗೆ ತಾಕಿದ್ದು ಒಂದಕ್ಕೆ. ಗೆದ್ದದ್ದೂ ಅದೇ.

ಡಬ್ಬಿ ಮುಚ್ಚಿ ಮೇಜಿನ ಮೇಲಿಟ್ಟೆ. ಅಟೆಂಡರು ತಂದ ಮೈಸೂರ್ ಪಾಕನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

“ಏನಜ್ಜಿ, ಮಂಕಾಗ್ಬುಟ್ಟೆ?”

“ಬಸ್ಸಿನ ಸುಸ್ತು ಕಣೆ.”

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಎಲೆಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು.

“ಹೊಗೆಯಿಂದ್ಲೇ ಆಗೈತೆ ಅಂತ ನಿಂಗೆ ಯಾರ್ ಹೇಳಿದ್ರು?”

“ಮೂಗು ಹೇಳ್ತು.”

“ಮೂಗಿನ ಮಾತಿಗೆ ಹುಡ್ಗಿ ಓದು ಹಾಳ್ಮಾಡ್ತೀಯ? ಮೇಡಂ ಅಂಥ ಮೇಡಮ್ಮಿಗೇ ಗೊತ್ತಾಗಿಲ್ಲ. ಬುಡು ಅತ್ಲಾಗೆ. ಹದಿನೆಂಟನೇ ದಿನದ ಮದ್ದು ಹೆಚ್ಚು ಅಂತ ನಮ್ಮೋರೆಲ್ಲ ಹೇಳ್ಕಂಡೇ ಬಂದವ್ರೆ, ಸುಳ್ಳೇನಲ್ವಲ್ಲ.”

ಅವರು ಕೇಡಿಗೆ ಹೇಳಿದ್ದಲ್ಲ. ನನಗೂ ಹಾಗೇ ಅನ್ನಿಸಬೇಕು ಅಂತ ಆಸೆಯಿತ್ತು. ನಿಜವಾಗಿ ಮದ್ದೇ ಹೆಚ್ಚಿದ್ದು, ಹೊಗೆ ಬರೀ ವಾಸನೆ ಕೊಟ್ಟಿದ್ದರೆ? ಸುಮ್ಮನೆ ಬಾಯಿಬಿಟ್ಟು ಅವಳ ಸೆಮಿನಾರು, ಮುಂದಿನ ಓದು ಎಲ್ಲಕ್ಕೂ ಕಲ್ಲು ಹಾಕಿದಂತೆ ಆಗುವುದಿಲ್ಲವೇ? ಒಂದು ದಿನ ಪೂರ್ತಿ ಹೀಗೇ ತೂಗಿದೆ. ಆಮೇಲೆ ಲ್ಯಾಬಿನ ಆ ಬರೀ ಟ್ಯೂಬು ನೆನಪಾಯಿತು. ಖಾಲಿ ಚೀಲ.

ಪೆಟ್ಟಿಗೆಯಲ್ಲಿ ಹೊಸ ಬಿಳಿ ಮಲ್ ಬಟ್ಟೆ, ತೆಳು ಹತ್ತಿಯದು, ಇತ್ತು. ಗಂಜಿ ಹೋಗುವ ಹಾಗೆ ಎರಡು ಸಲ ಕುದಿಸಿ, ಬರೀ ನೀರಿನಲ್ಲಿ ಜಾಲಿಸಿ, ಒಣಗಿಸಿ ಎರಡು ತುಂಡು ಮಾಡಿದೆ. ಒಂದನ್ನು ಬಿಸ್ಕತ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದೆ. ಇನ್ನೊಂದನ್ನು ತಟ್ಟೆಬುಟ್ಟಿ ಇಟ್ಟಿದ್ದ ಜಾಗದಲ್ಲೇ ಅಟ್ಟದ ಗಳಕ್ಕೆ ಕಟ್ಟಿದೆ. ಬಟ್ಟೆಗೆ ಮದ್ದಿಲ್ಲ. ನಾಲ್ಕು ದಿನ ಬಿಟ್ಟು ಅದು ಬೆಳ್ಳಗೇ ಇದ್ದರೆ ನಾನು ಸುಮ್ಮನಿರುತ್ತೇನೆ ಎಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡೆ.

ಆ ನಾಲ್ಕು ದಿನ ಒಲೆ ಉರಿಸುವಾಗ ಕೈ ಹಿಂದೆಮುಂದೆ ನೋಡುತ್ತಿತ್ತು. ಚೆನ್ನಾಗಿ ಒಣಗಿದ ಸೌದೆ ಆರಿಸಿ ಇಟ್ಟೆ, ಹೊಗೆ ಕಮ್ಮಿಯಾಗಲಿ ಎಂದು. ಎರಡನೇ ದಿನ ನನ್ನ ಕಳ್ಳತನ ನನಗೇ ಗೊತ್ತಾಯಿತು. ಸೊಪ್ಪು ಒಣಗಿದ ದಿನ ಉರಿದದ್ದು ಅರೆಹಸಿ ಸೌದೆ. ಅದನ್ನೇ ತಂದು ಒಲೆಗೆ ತುರುಕಿದೆ. ಯಜಮಾನರು ಕೆಮ್ಮುತ್ತಾ ಹೊರಗೆ ಹೋಗಿ ಕೂತರು.

“ಬಟ್ಟೆ ಒಣಗುಸ್ತಿದ್ದೀಯೋ, ಗಂಡನ್ನೋ?”

ನಾಲ್ಕನೇ ದಿನ ಇಳಿಸಿದೆ. ಬಟ್ಟೆ ಹಾಲು ಹೆಚ್ಚಾದ ಕಾಫಿಯ ಬಣ್ಣ ಆಗಿತ್ತು. ಎರಡೂ ತುಂಡುಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಮೊಮ್ಮಗಳಿಗೆ ಫೋನ್ ಮಾಡಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಹೇಳಿ ನಿಲ್ಲಿಸಿಬಿಡುತ್ತೇನೆ ಅಂತ ಭಯ.

ಲ್ಯಾಬಿನಲ್ಲಿ ಮೇಡಮ್ಮೂ ಇದ್ದರು. ಅವಳೂ ಇದ್ದಳು. ನಿಂತಲ್ಲೇ ಹೇಳಿದೆ. ಕರೆಂಟ್ ಹೋದದ್ದು, ಬೂಷ್ಟು, ಅಟ್ಟ, ವಾಸನೆ, ಎಲ್ಲಾ. ಮೊಮ್ಮಗಳ ಮುಖ ನೋಡಬಾರದು ಅಂದುಕೊಂಡಿದ್ದೆ, ನೋಡಿಬಿಟ್ಟೆ.

“ಅಜ್ಜಿ, ಅವತ್ತೇ ಯಾಕ್ ಹೇಳ್ಲಿಲ್ಲ? ಸೊಪ್ಪು ಕೊಡೋವಾಗ್ಲೇ ಹೇಳ್ಬೋದಿತ್ತಲ್ಲ?”

“ಗೊತ್ತಾಗ್ಲಿಲ್ಲ ಕೂಸೆ.”

“ಹೋದ್ವಾರ ಇಲ್ಲಿ ನಿಂತಿದ್ಯಲ್ಲ, ಆವಾಗ?”

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಹದಿನೇಳು ದಿನದಲ್ಲಿ ಪುಸ್ತಕ ಒಪ್ಪಿಸಬೇಕಿತ್ತು ಎಂದು ಆಮೇಲೆ ಗೊತ್ತಾಯಿತು. ಮೇಡಂ ಕವರುಗಳನ್ನು ತೋರಿಸಿ “ಇದೇನಮ್ಮ?” ಎಂದರು. ಹೇಳಿದೆ. ಅವರು ಎರಡೂ ಬಟ್ಟೆಗಳನ್ನು ಬೆಳಕಿಗೆ ಹಿಡಿದರು. ತುಂಬಾ ಹೊತ್ತು ಹಿಡಿದಿದ್ದರು.

“ನಿಮಗೆ ಇದು ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ ಮೇಡಮ್ಮೋರೆ. ಖಾಲಿ ಚೀಲ ತೂಗ್ದೆ ಅಷ್ಟೆ.”

“ಮಾಡೋಣ” ಎಂದರು ಮೊಮ್ಮಗಳಿಗೆ. ಅವಳು ಮೂಗು ಒರೆಸಿಕೊಂಡು ಬಂದಳು.

ಎರಡೂ ಬಟ್ಟೆಗಳಿಂದ ಒಂದೇ ತೂಕದ ಚೂರು ಕತ್ತರಿಸಿ ಸ್ಪಿರಿಟ್ಟಿನಲ್ಲಿ ನೆನೆಸಿ ಕುಲುಕಿದರು. ಸೋಸಿದರು. ಹೊಗೆಬಟ್ಟೆಯ ನೀರಿಗೆ ಇದ್ದ ಬಣ್ಣವನ್ನು ಕಳೆಯಲು ಬೇರೆ ಟ್ಯೂಬು ಇಟ್ಟರು. ನೇರಳೆ ಹಾಕಿ ಕಪ್ಪು ಬಟ್ಟೆ ಮುಚ್ಚಿದರು. ಆ ಅರ್ಧ ಗಂಟೆ ನಾನೂ ಮೊಮ್ಮಗಳೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ನೇರಳೆ ಉಳಿಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನನ್ನ ಮೂಗು ಸುಳ್ಳಾಗಲಿ ಎಂದು ನಾನು ಬಯಸಿದ್ದು ಅದೊಂದೇ ಸಲ.

ಡಬ್ಬಿಯ ಬಟ್ಟೆಯ ಟ್ಯೂಬು ಹಾಕಿದ ಹಾಗೇ ನೇರಳೆ. ಅಟ್ಟದ ಬಟ್ಟೆಯದ್ದು ಹಳದಿ.

ಅಟೆಂಡರು ಬಂದು ಬಗ್ಗಿ ನೋಡಿದರು.

“ಬಟ್ಟೇಗೂ ಮದ್ದಿನ ಗುಣ ಬಂದ್ಬುಡ್ತಲ್ಲಕ್ಕಾ. ಇನ್ನು ನಿಮ್ ಸೀರೆ ಅರೆದು ಕುಡಿಯೋದೇಯ.”

ಮೊಮ್ಮಗಳಿಗೆ ನಗು ಬಂತು. ಬೇಡವೆಂದರೂ ಬಂತು. ಅಳುವಿನ ಮಧ್ಯೆ ಅವಳು ನಕ್ಕಿದ್ದು ಕಂಡು ನನ್ನ ಎದೆಯ ಕಲ್ಲು ಸ್ವಲ್ಪ ಸರಿಯಿತು. ಮೇಡಂ ವಿವರಿಸಿದರು. ಸೌದೆಯ ಹೊಗೆಯಲ್ಲೂ ಕೆಡುವುದನ್ನು ತಡೆಯುವ ಅಂಶಗಳು ಇರುತ್ತವಂತೆ, ಹೊಗೆಯಲ್ಲಿ ಒಣಗಿಸಿದ ಮೀನು ಕೆಡದೆ ಇರುವುದಕ್ಕೆ ಅದೂ ಒಂದು ಕಾರಣವಂತೆ. ಅವು ಎಲೆಗೆ ಅಂಟಿವೆ. ಮೆಷಿನ್ನಿಗೆ ಅದು ಸೊಪ್ಪಿನದೋ ಹೊಗೆಯದೋ ಗೊತ್ತಾಗುವುದಿಲ್ಲ.

“ಹದಿನೆಂಟನೇ ದಿನದ ಅಂಕಿ ಬಿಡಬೇಕು” ಎಂದರು. “ಅದು ಬಿಟ್ಟರೆ ಈ ಪ್ರಾಜೆಕ್ಟಿನಲ್ಲಿ ಉಳಿಯೋದು ಕಮ್ಮಿ.”

ಮೊಮ್ಮಗಳು ಬೀಗ ಹಾಕಿದ ಕಪಾಟಿನ ಕಡೆ ನೋಡುತ್ತಾ ಕೇಳಿದಳು:

“ಮೇಡಂ, ಪ್ರೆಸ್ ಮಾಡಿದ ಕೊಂಬೆಗಳಿವೆಯಲ್ಲ. ಮೂರೂ ದಿನದ್ದು. ಅವು ಅಜ್ಜಿ ಮನೇಲಿ ಒಣಗಿಲ್ಲ. ಮೂರೂ ಒಂದೇ ಥರ ಪೇಪರಲ್ಲಿ, ನನ್ನ ಹಾಸ್ಟೆಲ್ ರೂಮಲ್ಲಿ ಒಣಗಿವೆ.”

ಒತ್ತಿದ ಕೊಂಬೆ ಅಂಟಿಸಿದ ಗುರುತಿನ ಹಾಳೆಗಳನ್ನು ಕಪಾಟಿನಿಂದ ತೆಗೆದು ಹಿಡಿಯುವುದಕ್ಕೇ ಮೇಡಂ ಬಿಡುವುದಿಲ್ಲವಂತೆ. ಅಂಥದ್ದನ್ನು ಹರಿದು ಅರೆಯಬೇಕು. ಅವರು ಬೀಗದ ಕೈ ಹಿಡಿದುಕೊಂಡು ನಿಂತರು. ಆಮೇಲೆ, “ಒಂದೊಂದು ದಿನದ್ದು ಒಂದೊಂದು ಕೊಂಬೆ ಗುರುತಿಗೆ ಇರಲಿ. ಇನ್ನೊಂದು ತೆಗಿ” ಎಂದರು.

ಕೊಂಬೆಗಳು ಚಪ್ಪಟೆ, ಹಸಿರುಗಪ್ಪು, ಸಣ್ಣವು. ಎಲೆ ಬಿಡಿಸಿದರೆ ಒಂದು ಚಮಚವೂ ಆಗದು. ಅರ್ಧ ಗ್ರಾಂ ಬೇಕು, ಒಂದೇ ಸಲ, ತಪ್ಪಿದರೆ ಮತ್ತಿಲ್ಲ. ಮಿಕ್ಸಿಗೆ ಹಾಕಿದರೆ ಅರ್ಧ ಜಾಡಿಗೇ ಅಂಟಿಹೋಗುತ್ತದೆ. ಪಿಂಗಾಣಿ ಕಲ್ಬತ್ತು ತಂದರು. ಮೊಮ್ಮಗಳು ಅದನ್ನು ನನ್ನ ಕಡೆ ಸರಿಸಿದಳು.

“ಅಜ್ಜಿ, ನೀನ್ ಅರಿ.”

“ನಾನಾ? ಇಷ್ಟೆಲ್ಲಾ ಆದ್ಮೇಲೂ?”

“ನಿನ್ ಕೈಯಲ್ಲಿ ಒಂದು ಕಾಳೂ ಆಚೆ ಹೋಗಲ್ಲ, ನಂಗೊತ್ತು.”

ಕೈ ತೊಳೆದೆ. ಮೂರು ಸಲ ತೊಳೆದೆ. ಸೆರಗಿನಲ್ಲಿ ಹೊಗೆ ಇದ್ದರೆ ಎಂದು ಅವರ ಬಿಳಿ ಕೋಟನ್ನು ನಾನೇ ಕೇಳಿ ಹಾಕಿಕೊಂಡೆ. ಅಟೆಂಡರು, “ಡಾಕ್ಟ್ರಮ್ಮಾ” ಎಂದರು. ನಾನು ನಗಲಿಲ್ಲ, ಉಸಿರಿಗೆ ಪುಡಿ ಹಾರುತ್ತದೆ. ಗುದ್ದದೆ, ಒತ್ತಿ ತಿರುಗಿಸಿ ಅರೆದೆ. ಒಂದು ದಿನದ್ದು ಮುಗಿದ ಮೇಲೆ ಕಲ್ಬತ್ತು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನದು. ಗಾಜಿನ ಬಾಗಿಲ ತಕ್ಕಡಿಯಲ್ಲಿ ಮೊಮ್ಮಗಳು ತೂಗಿದಳು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ನಮ್ಮ ಉಸಿರಿಗೇ ಅಂಕಿ ಓಡಾಡುತ್ತದೆ. ಮೂರೂ ದಿನದ್ದು ಅರ್ಧ ಗ್ರಾಂ ಆಯಿತು. ಹದಿನೆಂಟನೇ ದಿನದ್ದು ಬಾಚಿ ಬಾಚಿ ಸರಿಹೋಯಿತು, ಅಷ್ಟೆ.

ನೆನೆಸುವುದಕ್ಕೆ ಒಂದು ದಿನ ಬೇಕು. ನಾನು ಊರಿಗೆ ಹೋಗಲಿಲ್ಲ, ಹಾಸನದ ನೆಂಟರ ಮನೆಯಲ್ಲಿ ಉಳಿದೆ. ಮಾರನೆ ದಿನ ಹನ್ನೊಂದಕ್ಕೆ ಟ್ಯೂಬುಗಳನ್ನು ಜೋಡಿಸಿದರು. ಕೊಯ್ದ ಒಂದೊಂದು ದಿನದ ಸೊಪ್ಪಿಗೆ ಮೂರರಂತೆ ಒಂಬತ್ತು, ಜೊತೆಗೆ ಖಾಲಿ ಚೀಲದ ಟ್ಯೂಬುಗಳು. ಒಂದೊಂದಕ್ಕೂ ನೇರಳೆ ಬಿಟ್ಟ ಹೊತ್ತನ್ನು ಮೊಮ್ಮಗಳು ಬರೆದುಕೊಂಡಳು. ಯಾವುದು ಮೊದಲು ಹಾಕಿದ್ದೋ ಅದನ್ನೇ ಮೊದಲು ನೋಡಬೇಕು.

ಇಪ್ಪತ್ತೆರಡನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಈ ಕರೆಂಟಿಗೂ ನನಗೂ ಯಾವ ಜನ್ಮದ ಹಗೆಯೋ ಅನ್ನಿಸಿತು. ಮೆಷಿನ್ನು ಬ್ಯಾಟರಿಯ ಮೇಲೆ ಕೀ ಕೀ ಎಂದು ಕೂಗತೊಡಗಿತು. ಆರಿ ಹತ್ತಿದರೆ ಅದರ ದೀಪ ಹದಕ್ಕೆ ಬರಲು ಮತ್ತೆ ಅರ್ಧ ಗಂಟೆ, ಅಷ್ಟರಲ್ಲಿ ಟ್ಯೂಬುಗಳ ಹೊತ್ತು ಮೀರುತ್ತದೆ. ಅಟೆಂಡರು ಜನರೇಟರಿನ ಕಡೆ ಓಡಿದರು. ಎಂದೂ ನಡಿಗೆ ಬಿಟ್ಟು ಓಡಿದ ಮನುಷ್ಯನಲ್ಲ ಎಂದು ಆಮೇಲೆ ಮೇಡಂ ಹೇಳಿದರು. ಮೊಮ್ಮಗಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಹೊರಗೆ ಗುಡುಗುಡು ಸದ್ದು. ಕೀ ಕೀ ನಿಂತಿತು. ಮೂವತ್ತಕ್ಕೆ ಅವಳು ಮೊದಲ ಟ್ಯೂಬಿನ ನೀರನ್ನು ಮೆಷಿನ್ನಿನ ಪುಟ್ಟ ಗಾಜಿಗೆ ಸುರಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಒಂಬತ್ತು ಅಂಕಿ ಬರೆದಾಯಿತು. ಕಳೆಯುವುದನ್ನು ಕಳೆದು ಮೇಡಂ ಎರಡು ಸಲ ಲೆಕ್ಕ ನೋಡಿದರು.

“ಮೊದಲಿನದಕ್ಕಿಂತ ಹದಿನೆಂಟನೇ ದಿನದ್ದು ಹೆಚ್ಚಿದೆ. ಆದರೆ ಹತ್ತು ದಿನದ ಮೇಲೆ ಕೊಯ್ದದ್ದೂ ಹೆಚ್ಚುಕಮ್ಮಿ ಅಷ್ಟೇ ಇದೆ. ಅದೊಂದೇ ದಿನ ಮದ್ದು ಬರುತ್ತೆ ಅಂತ ಹೇಳೋಕಾಗಲ್ಲ. ಆಟಿಯಲ್ಲಿ ಏರುತ್ತೆ, ಏರಿದ್ದು ನಿಲ್ಲುತ್ತೆ ಅನ್ನಬಹುದು. ಅದೂ ಈ ಒಂದು ಪೊದೆಗೆ, ಈ ಒಂದು ವರ್ಷಕ್ಕೆ.”

ನಿಂಬೆಸಿಪ್ಪೆಯ ಹಳದಿ ಇಲ್ಲ. ಗೆದ್ದುಬಿಡ್ತು ಅನ್ನುವಂಥದ್ದೂ ಇಲ್ಲ. ಮೊಮ್ಮಗಳು ಮೂರು ಸಾಲು ಟ್ಯೂಬುಗಳನ್ನು ನೋಡುತ್ತಾ ನಿಂತಿದ್ದಳು.

“ಬೇಜಾರಾಯ್ತೇನೆ?” ಎಂದೆ.

“ಇಲ್ಲಜ್ಜಿ. ಇದು ಸೊಪ್ಪಿನದೇ.”

ಸೆಮಿನಾರಿಗೆ ಅವಳು ಹೋಗಲಿಲ್ಲ. ಇಷ್ಟು ಸಣ್ಣ ಫಲಿತಾಂಶಕ್ಕೆ ಇನ್ನೊಂದು ವರ್ಷದ ಸೊಪ್ಪು ಬೇಕು ಎಂದು ಮೇಡಂ ಹೆಸರು ವಾಪಸು ತೆಗೆದರು. ಅದು ಅವಳಿಗೆ ನೋವಾಗಿದೆ, ನನಗೆ ಗೊತ್ತು. ಪುಸ್ತಕ ಹೊತ್ತಿಗೆ ಸರಿಯಾಗಿ ಒಪ್ಪಿಸಿದಳು. ಬೇರೆ ಊರಿಂದ ಪರೀಕ್ಷೆಗೆ ಬಂದವರು ಅರ್ಧ ಗಂಟೆ ಬಟ್ಟೆಯ ವಿಷಯವನ್ನೇ ಕೇಳಿದರಂತೆ. ಪಾಸು ಮಾಡಿದರು. ಪಿಎಚ್‌ಡಿಗೆ ಇದನ್ನೇ ಮುಂದುವರಿಸು, ಅಟ್ಟದ ಹೊಗೆಯನ್ನೂ ಸೇರಿಸಿಕೋ ಎಂದರಂತೆ. ಮೇಡಂ ಸೇರಿಸಿಕೊಂಡಿದ್ದಾರೆ.

ಹೋದ ವಾರ ಅವಳು ಆ ಪುಸ್ತಕ ತಂದಳು. ನೀಲಿ ರಟ್ಟು. ಇಂಗ್ಲಿಷಿನಲ್ಲಿದೆ. ನನ್ನ ಎದುರು ಕೂತು ಒಂದು ಪುಟ ತೆಗೆದಳು. ಅದರಲ್ಲಿ ಎರಡು ಚೂರು ಬಟ್ಟೆ ಅಂಟಿಸಿದ್ದಳು, ಒಂದು ಬಿಳಿ, ಒಂದು ಕಂದು. ಕೆಳಗಿನ ಸಾಲನ್ನು ಬೆರಳಿಟ್ಟು ಕನ್ನಡಕ್ಕೆ ಮಾಡಿ ಓದಿದಳು:

“ಎರಡನೇ ಸಲದ ಸೊಪ್ಪಿಗೆ ಒಣಗಿಸುವಾಗ ಸೌದೆಯ ಹೊಗೆ ತಾಕಿದ್ದರಿಂದ ಅದರ ಅಂಕಿಗಳನ್ನು ಕೈಬಿಡಲಾಗಿದೆ. ಇದನ್ನು ಕಂಡುಹಿಡಿದವರೂ, ಬಟ್ಟೆಯ ಪರೀಕ್ಷೆಯನ್ನು ಯೋಚಿಸಿದವರೂ ಸೊಪ್ಪನ್ನು ಒಣಗಿಸಿದವರೇ.”

ಅದರ ಪಕ್ಕ ನನ್ನ ಹೆಸರಿತ್ತು. ಪೂರ್ತಿ ಹೆಸರು, ಅಪ್ಪನ ಮನೆಯ ಇನಿಷಿಯಲ್ ಸಮೇತ. ಆ ಕಣದಿಂದ ಎಷ್ಟು ಸಾವಿರ ಚೀಲ ಕಾಫಿ ಹೊರಟಿವೆಯೋ, ಒಂದೊಂದರ ಮೇಲೂ ಎಸ್ಟೇಟಿನ ಹೆಸರು, ರಾಶಿಯ ನಂಬರು ಬಳಿದಿರುತ್ತಾರೆ. ಒಣಗಿಸಿದವರು ಯಾರು ಎಂದು ಯಾವ ಚೀಲವೂ ಹೇಳುವುದಿಲ್ಲ.

ಯಜಮಾನರು ಆ ಕಂದು ಚೂರನ್ನು ಉಗುರಿನಿಂದ ಮುಟ್ಟಿ ನೋಡಿದರು. “ನಾನ್ ಕೆಮ್ಮಿದ್ದು ಎಲ್ಲೂ ಬರ್ದಿಲ್ವ?” ಎಂದರು.

“ಮುಂದಿನ ಪುಸ್ತಕದಲ್ಲಿ ಬರೀತೀನಿ ಬುಡು ತಾತ” ಎಂದಳು ಅವಳು.

ಆ ಸಾಲನ್ನು ಇನ್ನೊಂದು ಸಲ ಓದು ಎಂದೆ. ಓದಿದಳು. ನನ್ನ ತಪ್ಪೂ ನನ್ನ ಕೆಲಸವೂ ಒಂದೇ ಉಸಿರಿನಲ್ಲಿ ಬಂದವು. ಮತ್ತೊಂದು ಸಲ ಓದು ಎಂದೆ.